ತೊಗಲಿನಡಿಯ ಕಿಚ್ಚು

ಮುಳ್ಳು ಚುಚ್ಚುವುದು, ಕತ್ತಿ ತಾಗುವುದು ತೋಟಗದ್ದೆಗಳನ್ನು ನಂಬಿ ಬಾಳುವ ನಮಗೆ ದಿನನಿತ್ಯದ ಮಾತು. ಅರಸಿನ ಹಚ್ಚಿ ಬಟ್ಟೆ ಸುತ್ತಿ ಮರೆತುಬಿಡುತ್ತೇವೆ. ಗಾಯ ಬಹುಮಟ್ಟಿಗೆ ಮಾಯುವುದೂ ಉಂಟು. ಆದರೆ ಅಪರೂಪಕ್ಕೊಮ್ಮೆ ಅಂತಹ ಗೀರಿನಿಂದ ಒಳಹೊಕ್ಕ ರೋಗಾಣುಗಳು ಸ್ನಾಯುಗಳನ್ನು ಹೊದೆದಿರುವ ತೆಳುಪೊರೆಯನ್ನು ಹಿಡಿದು ಗಂಟೆಗಂಟೆಗೆ ಹರಡುತ್ತವೆ. ರಕ್ತನಾಳಗಳು ಹೆಪ್ಪುಗಟ್ಟಿ, ಕೊಬ್ಬೂ ಪೊರೆಯೂ ಕೊಳೆಯತೊಡಗುತ್ತವೆ. ವೈದ್ಯರು ಇದನ್ನು ‘ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್’ ಎನ್ನುತ್ತಾರೆ.

ಈ ಹೆಸರು ೧೯೫೨ರದು, ರೋಗವಾದರೋ ಹಳೆಯದು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ಕಂಡ ಇಂತಹ ಕೊಳೆತವನ್ನು ಜೋಸೆಫ್ ಜೋನ್ಸ್ ೧೮೭೧ರಲ್ಲಿ ವಿವರಿಸಿದರು. ೧೯೨೪ರಲ್ಲಿ ಪೀಕಿಂಗಿನಿಂದ ಬರೆದ ಮೆಲೆನಿ ಎಂಬ ಶಸ್ತ್ರವೈದ್ಯರು ಸ್ಟ್ರೆಪ್ಟೋಕಾಕಸ್ ರೋಗಾಣುವಿನ ಪಾತ್ರವನ್ನು ತೋರಿಸಿದರು. ಬೇಗನೆ ಕೊಯ್ದು ತೆರೆಯಬೇಕೆಂಬ ಅವರ ಪಾಠ ಇಂದಿಗೂ ಹಳತಾಗಿಲ್ಲ.

ಗಾಯ ಸಣ್ಣದು, ನೋವು ಮಾತ್ರ ತಾಳಲಾರದಷ್ಟು: ಇದೇ ಮೊದಲ ಎಚ್ಚರಿಕೆ. ಕೆಂಪಿನ ಅಂಚನ್ನು ದಾಟಿ ಬಾವು ಗಟ್ಟಿಯಾಗುತ್ತದೆ. ಬಳಿಕ ಗುಳ್ಳೆಗಳೇಳುತ್ತವೆ, ಚರ್ಮ ನೀಲಿಗಪ್ಪಾಗುತ್ತದೆ. ಆಗ ನೋವು ಇಳಿದರೆ ಗುಣವಾಯಿತೆಂದು ಹಿಗ್ಗಬಾರದು, ನರಗಳೇ ಸತ್ತಿರಬಹುದು. ಸಿಹಿಮೂತ್ರ ರೋಗಿಗಳಿಗೆ ಅಪಾಯ ಹೆಚ್ಚು. ಆರೋಗ್ಯವಂತರಿಗೂ ಇದು ಬರಬಹುದು.

ಔಷಧಿಯೊಂದೇ ಇಲ್ಲಿ ಸಾಲದು. ರಕ್ತ ಹರಿಯದ ಕಡೆಗೆ ಔಷಧಿ ತಲುಪುವುದಾದರೂ ಹೇಗೆ? ಆದುದರಿಂದ ಶಸ್ತ್ರವೈದ್ಯರು ಸತ್ತ ಭಾಗವನ್ನೆಲ್ಲ, ಜೀವಂತ ಅಂಗಾಂಶ ಕಾಣುವವರೆಗೂ, ಕೊಯ್ದು ತೆಗೆಯುತ್ತಾರೆ. ಸುಮಾರು ಒಂದು ದಿನದೊಳಗೆ ಮತ್ತೆ ತೆರೆದು ನೋಡುತ್ತಾರೆ. ತೀವ್ರ ನಿಗಾ ಘಟಕದಲ್ಲಿ ಹಲವು ಪ್ರತಿಜೈವಿಕಗಳನ್ನು ಕೂಡಿಸಿ ಕೊಡುತ್ತಾರೆ. ಅವುಗಳಲ್ಲಿ ಕ್ಲಿಂಡಾಮೈಸಿನ್ ರೋಗಾಣುವಿನ ವಿಷೋತ್ಪತ್ತಿಯನ್ನೇ ತಗ್ಗಿಸುತ್ತದೆ. ಕುಸಿದ ರಕ್ತದೊತ್ತಡಕ್ಕೆ ದ್ರವವೂ ನಾರ್‌ಅಡ್ರಿನಲಿನ್ನೂ, ಉಸಿರು ಸೋತರೆ ವೆಂಟಿಲೇಟರ್, ಮೂತ್ರಪಿಂಡ ಸೋತರೆ ಡಯಾಲಿಸಿಸ್. ಇಷ್ಟಾದರೂ ಸುಮಾರು ಐವರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಿಗೆ ಚರ್ಮ ಕಸಿಯೂ ತಿಂಗಳುಗಟ್ಟಲೆ ಆರೈಕೆಯೂ ಬೇಕಾಗಬಹುದು.

ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೇಳಿದಾಗ ‘ಹಿರಿಯರು ಬರಲಿ, ನಾಳೆ ನೋಡೋಣ’ ಎನ್ನುವುದು ನಮ್ಮ ಮನೆಗಳ ರೂಢಿ. ಈ ರೋಗಕ್ಕೆ ಆ ನಾಳೆ ಇಲ್ಲ. ದೊಡ್ಡ ಆಸ್ಪತ್ರೆಗೆಂದು ಗಡಿ ದಾಟುವ ಕಾಸರಗೋಡಿನವರಾದ ನಮಗೆ ಹೊತ್ತಿನ ಬೆಲೆ ಗೊತ್ತು. ೨೦೨೦ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಮಂಗಳೂರಿನ ದಾರಿ ಮುಚ್ಚಿದುದನ್ನು ನಾವು ಮರೆತಿಲ್ಲ. ದಾರಿ ತೆರೆದಿರುವಾಗ ತಡಮಾಡುವುದು ತರವಲ್ಲ.

ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದು, ಕೂಡಲೇ ಹೊರಡೋಣ. ಗೆರೆ ಕಾಯುವುದಕ್ಕಲ್ಲ, ರೋಗ ಎಷ್ಟು ಬೇಗ ನಡೆದಿದೆಯೆಂದು ವೈದ್ಯರಿಗೆ ತೋರಿಸುವುದಕ್ಕೆ.