ಸ್ಕ್ಯಾನ್‌ನಲ್ಲೇ ಇದೆ ಮೂಳೆಯ ಸತ್ಯ, ಓದೋರು ಯಾರು?

ಅರವತ್ತು ದಾಟಿದ ಹೆಂಗಸೊಬ್ಬರಿಗೆ ಹೊಟ್ಟೆನೋವು. ಕಿಡ್ನಿ ಕಲ್ಲು ಇರಬಹುದು ಅಂತ ಡಾಕ್ಟರ್ ಸಿಟಿ ಸ್ಕ್ಯಾನ್ ಬರೀತಾರೆ ಅಂದುಕೊಳ್ಳಿ. ರಿಪೋರ್ಟ್‌ನಲ್ಲಿ ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು ಅನ್ನೋದೆಲ್ಲ ಇರುತ್ತೆ. ಅದೇ ಸ್ಕ್ಯಾನ್‌ನಲ್ಲಿ ಅವರ ಬೆನ್ನುಮೂಳೆಯೂ ಇರುತ್ತೆ. ಅದು ಎಷ್ಟು ಟೊಳ್ಳಾಗಿದೆ ಅನ್ನೋದರ ಬಗ್ಗೆ ಮಾತ್ರ ಸಾಮಾನ್ಯವಾಗಿ ಒಂದು ಸಾಲೂ ಇರಲ್ಲ.

ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಸವೆತ, ಸದ್ದಿಲ್ಲದೆ ಬರುವ ಕಾಯಿಲೆ. ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದಾಗಲೇ ಅನೇಕರಿಗೆ ಗೊತ್ತಾಗೋದು. ಬೆನ್ನುಮೂಳೆ ಕುಸಿದರೂ ಎಷ್ಟೋ ಸಲ ಗೊತ್ತಾಗಲ್ಲ, "ವಯಸ್ಸಾಯ್ತು, ಬೆನ್ನು ಬಾಗಿದೆ" ಅಂತ ಸುಮ್ಮನಾಗ್ತೀವಿ. ಇದನ್ನು ಪತ್ತೆ ಮಾಡೋಕೆ ಡೆಕ್ಸಾ ಅನ್ನೋ ಪ್ರತ್ಯೇಕ ಪರೀಕ್ಷೆ ಇದೆ. ಆರೋಗ್ಯವಂತ ಯುವಜನರ ಸರಾಸರಿ ಜೊತೆ ನಮ್ಮ ಮೂಳೆ ಸಾಂದ್ರತೆಯನ್ನು ಹೋಲಿಸಿ ಅದು ಕೊಡುವ ಅಂಕಿಯೇ ಟಿ-ಸ್ಕೋರ್. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಆದರೆ ಡೆಕ್ಸಾ ಯಂತ್ರ ಹೆಚ್ಚಾಗಿ ಇರೋದು ದೊಡ್ಡ ಊರುಗಳಲ್ಲಿ. ನೋವೇ ಇಲ್ಲದವರು ಅದಕ್ಕಂತ ಬಸ್ ಹತ್ತಿ ಹೋಗೋದೂ ಅಪರೂಪ.

ಈಗ ಸಿಟಿ ಸ್ಕ್ಯಾನ್ ಹೇಗೆ ಕೆಲಸ ಮಾಡುತ್ತೆ ನೋಡಿ. ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತೆ. ಇದರ ಅಳತೆಗೋಲು ಹೌನ್ಸ್‌ಫೀಲ್ಡ್ ಯೂನಿಟ್. ಸಿಟಿ ಸ್ಕ್ಯಾನರ್ ಕಂಡುಹಿಡಿದು 1979ರಲ್ಲಿ ನೊಬೆಲ್ ಹಂಚಿಕೊಂಡ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರು ಅದು. ನೀರು ಸೊನ್ನೆ, ಗಾಳಿ ಮೈನಸ್ 1000. ಮೂಳೆಯಲ್ಲಿ ಖನಿಜಾಂಶ ಕಡಿಮೆಯಾದಷ್ಟೂ ಈ ಸಂಖ್ಯೆ ಇಳಿಯುತ್ತೆ. ಅಂದ್ರೆ ಮಾಹಿತಿ ಆಗಲೇ ಫೈಲ್‌ನಲ್ಲಿ ಕೂತಿದೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪೆರ್ರಿ ಪಿಕ್‌ಹಾರ್ಟ್ ಮತ್ತು ಸಂಗಡಿಗರು 2013ರಲ್ಲಿ ಇದನ್ನೇ ಪರೀಕ್ಷಿಸಿದರು. ಬೇರೆ ಕಾರಣಕ್ಕೆ ಸಿಟಿ ಮಾಡಿಸಿದ್ದ, ಡೆಕ್ಸಾ ಕೂಡ ಆಗಿದ್ದ 1,867 ಜನರ ದಾಖಲೆ ತೆಗೆದು, ಎಲ್‌1 ಅನ್ನೋ ಸೊಂಟದ ಮೊದಲ ಬೆನ್ನುಮೂಳೆಯ ಸಂಖ್ಯೆ ಅಳೆದರು. 110ಕ್ಕಿಂತ ಕಡಿಮೆ ಬಂದರೆ ಆಸ್ಟಿಯೋಪೊರೋಸಿಸ್ ಇರುವ ಸಾಧ್ಯತೆ ಜಾಸ್ತಿ, 160 ದಾಟಿದರೆ ಸಾಧ್ಯತೆ ಕಡಿಮೆ ಅಂತ ತಿಳಿಯಿತು. ಇನ್ನೊಂದು ವಿಷಯವೂ ಹೊರಬಂತು: ಬೆನ್ನುಮೂಳೆ ಗಮನಾರ್ಹವಾಗಿ ಕುಸಿದಿದ್ದ 119 ಜನರಲ್ಲಿ 62 ಮಂದಿಯ ಟಿ-ಸ್ಕೋರ್ ಆಸ್ಟಿಯೋಪೊರೋಸಿಸ್ ಮಟ್ಟಕ್ಕೆ ಇಳಿದೇ ಇರಲಿಲ್ಲ. ಡೆಕ್ಸಾ ಒಂದನ್ನೇ ನಂಬಿದರೂ ಸಾಲದು ಅಂತಾಯ್ತು.

ಹಾಗಂತ ಮೂಳೆ ನೋಡೋಕೇ ಸಿಟಿ ಮಾಡಿಸೋದು ತಪ್ಪು. ಅದರ ವಿಕಿರಣ ಡೆಕ್ಸಾಗಿಂತ ತುಂಬಾ ಜಾಸ್ತಿ. ಇಲ್ಲಿ ಮಾತು ಈಗಾಗಲೇ ಆದ ಸ್ಕ್ಯಾನ್‌ಗಳದ್ದು ಮಾತ್ರ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟರೆ ಸಂಖ್ಯೆ ಏರುತ್ತೆ, ಯಂತ್ರದಿಂದ ಯಂತ್ರಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತೆ. ಅಮೆರಿಕದ ಅಂಕಿಗಳನ್ನು ನಮ್ಮವರ ಮೂಳೆಗೆ ಹಾಗೇ ಅಂಟಿಸೋಕೂ ಆಗಲ್ಲ. ಹಾಗಾಗಿ ಇದನ್ನು ಎಚ್ಚರಿಕೆಯ ಗಂಟೆ ಅಂತ ನೋಡಬೇಕು, ಅಂತಿಮ ತೀರ್ಪು ಅಂತಲ್ಲ.

ಇಷ್ಟು ಸುಲಭವಾದ್ರೆ ಯಾಕೆ ಮಾಡ್ತಿಲ್ಲ? ರೇಡಿಯಾಲಜಿಸ್ಟ್ ಉತ್ತರಿಸೋದು ಡಾಕ್ಟರ್ ಕೇಳಿದ ಪ್ರಶ್ನೆಗೆ. ಮೂಳೆ ಬಗ್ಗೆ ಕೇಳಿರಲ್ಲ. ಬರೆದರೂ ಫಾಲೋಅಪ್ ಯಾರ ಹೊಣೆ ಅಂತ ನಿಗದಿ ಆಗಿರಲ್ಲ. ಇದು ತಂತ್ರಜ್ಞಾನದ ಕೊರತೆ ಅಲ್ಲ, ವ್ಯವಸ್ಥೆಯದ್ದು.

ಸರ್ಕಾರಿ ಆಸ್ಪತ್ರೆಗಳ ಸ್ಕ್ಯಾನ್ ಸೇವೆಯನ್ನು ಖಾಸಗಿಯವರಿಗೆ ಟೆಂಡರ್ ಕೊಡುವಾಗ, ಐವತ್ತು ದಾಟಿದವರ ರಿಪೋರ್ಟ್‌ನಲ್ಲಿ ಮೂಳೆಗೊಂದು ಸಾಲು ಕಡ್ಡಾಯ ಮಾಡಿ ಅಂತ ಕೇಳಬಹುದು. ಇದೇ ಅಳತೆಯನ್ನು ಎಐ ಸಾಫ್ಟ್‌ವೇರ್ ತಾನಾಗಿಯೇ ಮಾಡಬಲ್ಲದು. ಆದರೆ ಹಳೆಯ ಸ್ಕ್ಯಾನ್‌ಗಳ ರಾಶಿಯನ್ನು ಕಂಪನಿಯ ಕೈಗೆ ಕೊಡೋ ಮುಂಚೆ, 2023ರ ಡೇಟಾ ಸಂರಕ್ಷಣಾ ಕಾಯ್ದೆ ಹೇಳುವ ಒಪ್ಪಿಗೆಯ ಪ್ರಶ್ನೆಗೆ ಉತ್ತರ ಬೇಕು.

ಆಸ್ಟಿಯೋಪೊರೋಸಿಸ್‌ಗೆ ಔಷಧಿ ಇದೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್‌ನಂಥ ಜೆನೆರಿಕ್ ಮಾತ್ರೆಯೂ ಮುರಿತದ ಅಪಾಯ ತಗ್ಗಿಸುತ್ತೆ. ಮುರಿಯೋ ಮುಂಚೆ ಗೊತ್ತಾಗಬೇಕು, ಅಷ್ಟೇ. ಅಲ್ಲಿವರೆಗೆ ನಿಮ್ಮ ಅಮ್ಮನದೋ ಅಜ್ಜಿಯದೋ ಹಳೇ ಸಿಟಿ ಇದ್ದರೆ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಅದರ ಸಿಡಿ ಒಯ್ದು ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಮೂಳೆ ಹೇಗಿದೆ ಡಾಕ್ಟ್ರೇ?"