ದೇರೆಬೈಲಿನ ಜೌಗಿನಿಂದ ಕದ್ರಿಯ ನೆತ್ತಿಗೆ

ಬಯಲು ಎಂದೊಡನೆ ಘಟ್ಟದ ಮೇಲಿನವರ ಕಣ್ಣಿಗೆ ಕಟ್ಟುವುದು ವಿಶಾಲವಾದ ಒಣ ಮೈದಾನ. ತುಳುನಾಡಿನ ಬೈಲಿನ ಅರ್ಥವೇ ಬೇರೆ. ಗುಡ್ಡಗಳ ನಡುವೆ ಸಿಕ್ಕಿಕೊಂಡು, ವರ್ಷದ ಬಹುಭಾಗ ಕಾಲಿಟ್ಟರೆ ಹೂತುಹೋಗುವ ತಗ್ಗಿನ ಗದ್ದೆಯೇ ಬೈಲು. ಅದಕ್ಕಿಂತ ಒಂದು ಮೆಟ್ಟಲು ಮೇಲಿನದು ಮಜಲು. ಮಳೆಯನ್ನೇ ನಂಬಿರುವ ಎತ್ತರದ ಗದ್ದೆ ಬೆಟ್ಟು. ಒಳ್ಳೆಯ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ಭೂಜಲದ ಶಾಸ್ತ್ರವನ್ನು ಓದದ ರೈತನು ನೆಲದಡಿಯ ನೀರನ್ನು ಎಷ್ಟು ನಿಖರವಾಗಿ ಅಳೆದಿದ್ದನೆಂಬುದಕ್ಕೆ ಈ ಮೂರು ಹೆಸರುಗಳೇ ಸಾಕ್ಷಿ.

ಮಂಗಳೂರಿನ ದೇರೆಬೈಲು ಇಂದು ನಗರದ ಭಾಗ. ಬೈಲು ಹೆಸರಿನಲ್ಲಿ ಉಳಿದಿದೆ, ಮನೆಗಳ ನಡುವಣ ತಗ್ಗುಗಳಲ್ಲಿಯೂ ಅಲ್ಲಿಷ್ಟು ಇಲ್ಲಿಷ್ಟು ಉಳಿದಿದೆ. ಇಲ್ಲಿಂದ ಹೆದ್ದಾರಿಯನ್ನು ದಾಟಿ ದಕ್ಷಿಣಕ್ಕೆ ಎರಡು ಮೂರು ಕಿಲೊಮೀಟರು ನಡೆದರೆ ಕದ್ರಿಯ ಗುಡ್ಡ. ವಿದ್ಯಾರ್ಥಿಗಳಿಗೆ ಒಂದು ಬೆಳಗ್ಗೆ ಸಾಕಾಗುವ, ಆಯಾಸವಿಲ್ಲದ ದಾರಿ. ಮಳೆಗಾಲ ಮುಗಿಯುತ್ತ ಬಂದ ಸೆಪ್ಟೆಂಬರ್ ಅಥವಾ ಅಕ್ಟೋಬರ್ ತಿಂಗಳು ಅದಕ್ಕೆ ತಕ್ಕ ಕಾಲ.

ಹೊರಡುವ ಮುನ್ನ ಜೌಗಿನ ಅಂಚಿನಲ್ಲಿ ಕೊಂಚ ಹೊತ್ತು ಕುಳಿತುಕೊಳ್ಳಿರಿ. ನೀರು ಸೋರುವೆಡೆ ಕೆಲವೊಮ್ಮೆ ಎಣ್ಣೆ ಚೆಲ್ಲಿದಂತೆ ನೀಲಿ-ನೇರಳೆಯಾಗಿ ಮಿರುಗುವ ತೆಳುಪೊರೆಯೊಂದು ಕಾಣುತ್ತದೆ. ಯಾವುದೋ ವಾಹನದ ಎಣ್ಣೆಯೆಂದು ದೂರದಿರಿ. ಮೊದಲು ಕಡ್ಡಿಯಿಂದ ಕದಡಿ ನೋಡಿರಿ. ಎಣ್ಣೆಯಾದರೆ ಸುಳಿಸುಳಿಯಾಗಿ ಚಲಿಸಿ ಮತ್ತೆ ಕೂಡಿಕೊಳ್ಳುತ್ತದೆ. ಒಡೆದ ಗಾಜಿನಂತೆ ಚೂರುಚೂರಾಗಿ ನಿಂತಿತೋ, ಅದು ಕಬ್ಬಿಣ!

ಜೌಗಿಗೆ ಈ ಕಬ್ಬಿಣ ಬಂದುದಾದರೂ ಹೇಗೆ? ನೀರು ತುಂಬಿದ ಮಣ್ಣಿನೊಳಗೆ ಗಾಳಿ ಇಳಿಯಲಾರದು. ಅಲ್ಲಿದ್ದ ಅಲ್ಪಸ್ವಲ್ಪ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬಲುಬೇಗ ಮುಗಿಸಿಬಿಡುತ್ತವೆ. ಬಳಿಕ ಅವುಗಳಲ್ಲಿ ಕೆಲವು ಉಸಿರಾಟಕ್ಕೆ ಆಮ್ಲಜನಕದ ಬದಲು ಮಣ್ಣಿನಲ್ಲಿರುವ ಕೆಂಪು ಕಬ್ಬಿಣದ ಆಕ್ಸೈಡನ್ನೇ ಬಳಸಿಕೊಳ್ಳುತ್ತವೆ. ಆಗ ಅದು ನೀರಿನಲ್ಲಿ ಕರಗುವ ರೂಪವನ್ನು ತಾಳುತ್ತದೆ. ಆ ನೀರು ಹೊರಗೆ ಸೋರಿ ಗಾಳಿಯನ್ನು ಮುಟ್ಟಿದೊಡನೆ ಕಬ್ಬಿಣವು ಮತ್ತೆ ತುಕ್ಕಾಗಿ ಮೊದಲು ಪೊರೆಯಾಗಿಯೂ, ಆಮೇಲೆ ಕಿತ್ತಳೆ ಬಣ್ಣದ ರಾಡಿಯಾಗಿಯೂ ಕೂಡುತ್ತದೆ. ಕಬ್ಬಿಣವನ್ನು ಉತ್ಕರ್ಷಿಸಿಯೇ ಬದುಕುವ ಬೇರೆ ಬ್ಯಾಕ್ಟೀರಿಯಗಳೂ ಈ ಕೆಲಸದಲ್ಲಿ ಕೈಜೋಡಿಸುತ್ತವೆ. ಕೆಸರನ್ನು ಕೋಲಿನಿಂದ ತಿವಿದಾಗ ಏಳುವ ಗುಳ್ಳೆಗಳಲ್ಲಿರುವುದು ಬಹುಪಾಲು ಮೀಥೇನ್ ಅನಿಲ. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಸರೋವರದಂಚಿನ ಇಂಥ ಗುಳ್ಳೆಗಳನ್ನು ಹಿಡಿದು, ಅದು ಉರಿಯುವ ಅನಿಲವೆಂದು ತೋರಿಸಿದನು. ಇಂಥ ಉಸಿರುಕಟ್ಟುವ ಕೆಸರಿನಲ್ಲಿ ಭತ್ತವು ಹೇಗೆ ಬಾಳುತ್ತದೆ? ಅದರ ಕಾಂಡದಲ್ಲಿಯೂ ಬೇರಿನಲ್ಲಿಯೂ ಗಾಳಿಯ ನಾಳಗಳಿವೆ. ಎಲೆಯಿಂದ ಆಮ್ಲಜನಕವನ್ನು ತನ್ನ ಬೇರಿಗೆ ತಾನೇ ಇಳಿಸಿಕೊಳ್ಳುವ ಗಿಡ ಅದು.

ಐರ್ಲೆಂಡ್, ರಷ್ಯಾಗಳ ಚಳಿಯ ಜೌಗುಗಳಲ್ಲಿ ಸತ್ತ ಪಾಚಿಯು ಕೊಳೆಯದೆ ಪದರಪದರವಾಗಿ ಕೂಡಿ ಪೀಟ್ ಎಂಬ ಉರುವಲಾಗುತ್ತದೆ. ನಮ್ಮ ಬೈಲುಗಳಲ್ಲಿ ಹಾಗಾಗುವುದಿಲ್ಲ. ಸೆಕೆಯೂ ಬೇಸಗೆಯ ಬಿರುಕುಗಳೂ ವರ್ಷವರ್ಷವೂ ಲೆಕ್ಕವನ್ನು ತೀರಿಸಿಬಿಡುತ್ತವೆ.

ಇನ್ನು ನಡೆಯೋಣ. ಕದ್ರಿಯ ಮಂಜುನಾಥ ದೇವಾಲಯವು ಗುಡ್ಡದ ಬುಡದಲ್ಲಿದೆ. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹದ ಮೇಲೆ ಕ್ರಿ.ಶ. 968ರ ಶಾಸನವಿದೆ. ದೇವಾಲಯದ ಹಿಂದೆ, ಗೋಮುಖದಿಂದ ಸುರಿಯುವ ಊಟೆಯ ನೀರು ಪಕ್ಕದ ಕೆರೆಗಳನ್ನು ತುಂಬುತ್ತದೆ. ಬೈಲಿನ ಜೌಗಿಗೂ ಈ ತೀರ್ಥಕ್ಕೂ ಮೂಲ ಒಂದೇ ಬಗೆಯದು: ಗುಡ್ಡ.

ಮೆಟ್ಟಲುಗಳನ್ನು ಏರುವಾಗ ಪಕ್ಕದ ಕಲ್ಲನ್ನು ನೋಡಿರಿ. ಜೇನುಹುಟ್ಟಿನಂತೆ ತೂತುತೂತಾದ ಕೆಂಪು ಮುರಕಲ್ಲು. 1800–01ರಲ್ಲಿ ಕನ್ನಡ, ಮಲಯಾಳ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರ ತನ್ನ ಗ್ರಂಥದಲ್ಲಿ ಇದಕ್ಕೆ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ನೆಲದೊಳಗೆ ಮೃದುವಾಗಿದ್ದು, ಕಡಿದು ಗಾಳಿಬಿಸಿಲಿಗೆ ಇಟ್ಟರೆ ಗಟ್ಟಿಯಾಗುವ ಕಲ್ಲಿಗೆ ಅದು ಒಪ್ಪುವ ಹೆಸರೇ. ಯುಗಯುಗಗಳ ಮಳೆಯು ಮೂಲಶಿಲೆಯ ಸಿಲಿಕವನ್ನೂ ಲವಣಗಳನ್ನೂ ತೊಳೆದೊಯ್ದಿತು. ಕಬ್ಬಿಣ, ಅಲ್ಯೂಮಿನಿಯಮ್ ಆಕ್ಸೈಡುಗಳು ಹಿಂದುಳಿದವು. ಕೆಳಗೆ ನೀವು ಕಂಡ ತುಕ್ಕಿನ ತವರು ಇದು.

ಮುರಕಲ್ಲಿನಡಿಯಲ್ಲಿ ಕರಾವಳಿಯವರು ಶೇಡಿ ಎನ್ನುವ ನುಣುಪಾದ, ಬಿಳಿ ಛಾಯೆಯ ಜೇಡಿಮಣ್ಣಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆಯಲ್ಲಿ ಒಂದಂಶವು ತೂತುಕಲ್ಲಿನ ಮೂಲಕ ಇಳಿಯುತ್ತದೆ. ಶೇಡಿಯ ಮೇಲೆ ತಡೆದು ನಿಂತು, ಅದರ ಗುಂಟ ಮೆಲ್ಲಮೆಲ್ಲನೆ ಪಕ್ಕಕ್ಕೆ ಸರಿದು, ಗುಡ್ಡದ ಬುಡದಲ್ಲಿ ಒಸರುತ್ತದೆ. ಜುಲೈ ತಿಂಗಳಿನ ಮಳೆಯನ್ನು ಗುಡ್ಡವು ಜನವರಿಗೆ ಕೊಡುತ್ತದೆ. ಸುಗ್ಗಿ, ಕೊಳಕೆಗಳು ಬೆಳೆದದ್ದು ಈ ಸಾಲದ ಮೇಲೆಯೇ.

ಗುಡ್ಡಕ್ಕೆ ಕಾಂಕ್ರೀಟನ್ನು ಹಾಸಿದರೆ ನೀರು ಇಳಿಯದು. ಬೈಲಿಗೆ ಮಣ್ಣು ತುಂಬಿದರೆ ನೀರಿಗೆ ನಿಲ್ಲಲು ಎಡೆಯಿಲ್ಲ. 2018ರ ಮೇ 29ರಂದು ಸುರಿದ ಮಳೆಗೆ ಮಂಗಳೂರಿನ ತಗ್ಗು ಬೀದಿಗಳು ಹೊಳೆಗಳಾದವು. ಮರುವರ್ಷದ ಬೇಸಗೆಯಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ತಗ್ಗಿ, ಅದೇ ನಗರದ ನಲ್ಲಿಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಎರಡಕ್ಕೂ ಬೈಲುಗಳ ನಷ್ಟವೊಂದೇ ಕಾರಣವೆಂದರೆ ಅತ್ಯುಕ್ತಿಯಾದೀತು. ಅದಕ್ಕೆ ಪಾಲೇ ಇಲ್ಲವೆಂದರೆ ಸುಳ್ಳಾದೀತು.

ಪಾಂಡವರ ಗುಹೆಗಳೆಂದು ಕರೆಯುವ ಮುರಕಲ್ಲಿನ ಗವಿಗಳನ್ನೂ ಜೋಗಿಮಠವನ್ನೂ ನೋಡಿಕೊಂಡು ಎತ್ತರದಲ್ಲಿ ನಿಂತರೆ ಪಶ್ಚಿಮಕ್ಕೆ ಕಟ್ಟಡಗಳು, ತೆಂಗಿನ ತಲೆಗಳು, ಅವುಗಳಾಚೆ ಅರಬ್ಬೀ ಸಮುದ್ರದ ನೀಲಿ ಗೆರೆ. ಕರಾವಳಿಯಲ್ಲಿ ಕಟ್ಟಡ ಮುಟ್ಟದ ಮುರಕಲ್ಲಿನ ಹಾಸುಗಳಿಗೆ ಹೋದರೆ ಇನ್ನೊಂದು ಸೋಜಿಗವಿದೆ: ಮಳೆಗಾಲದಲ್ಲಿ ಅಲ್ಲಿ ಅಂಗೈ ಆಳದ ಜೌಗುಗಳು ಹುಟ್ಟಿಕೊಳ್ಳುತ್ತವೆ. ಸಾರವಿಲ್ಲದ ಆ ನೆಲದಲ್ಲಿ ಅಂಟುಹನಿಗಳಿಂದ ಕೀಟವನ್ನು ಹಿಡಿಯುವ ಡ್ರೋಸೆರ, ನೀರಿನಲ್ಲಿರುವ ಸೂಕ್ಷ್ಮಪ್ರಾಣಿಗಳನ್ನು ಪುಟ್ಟ ಚೀಲಗಳೊಳಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಹೀರಿಕೊಳ್ಳುವ ಯುಟ್ರಿಕ್ಯುಲೇರಿಯ ಬೆಳೆಯುತ್ತವೆ. ಸಾರಜನಕದ ಕೊರತೆಯನ್ನು ಬೇಟೆಯಿಂದ ನೀಗಿಸಿಕೊಳ್ಳುವ ಗಿಡಗಳಿವು.

ಮರಳುವಾಗ ಪೊರೆ ಕಂಡ ಜಾಗದಲ್ಲಿ ಸೋರುತ್ತಿರುವ ತಿಳಿನೀರನ್ನು ಗಾಜಿನ ಸೀಸೆಯಲ್ಲಿ ಹಿಡಿದು ತನ್ನಿರಿ. ಮುಚ್ಚಳ ತೆಗೆದು ಕಿಟಕಿಯಲ್ಲಿಡಿರಿ. ಒಂದೆರಡು ದಿನಗಳಲ್ಲಿ ನೀರು ಮಬ್ಬಾಗಿ, ತಳದಲ್ಲಿ ಮುರಕಲ್ಲಿನ ಬಣ್ಣದ ಗಷ್ಟು ಇಳಿದಿರುತ್ತದೆ.