ಗ್ರೆನಾಶ್, ಶಿರಾಜ್, ಮೂರ್ವೆದ್ರ್: ಮೂರು ದ್ರಾಕ್ಷಿಯ ವೈನ್ ಆರಿಸುವ ಬಗೆ

ಕೊಚ್ಚಿ ಬಳಿಯ ತ್ರಿಪ್ಪುಣಿತ್ತುರದ ಮನೆಯಲ್ಲಿ ಹತ್ತು ಮಂದಿ ಸ್ನೇಹಿತರನ್ನು ಕರೆದು ಕೆಂಪು ವೈನಿನ ರುಚಿ ನೋಡಬೇಕು ಅಂದುಕೊಳ್ಳಿ. ಕೈಗೆ ಸಿಕ್ಕ ನಾಲ್ಕು ಬಾಟಲಿ ತಂದು ಒಂದಾದ ಮೇಲೊಂದು ಸುರಿದರೆ, ಎದ್ದು ಹೊರಡುವಾಗ ‘ಎಲ್ಲವೂ ಚೆನ್ನಾಗಿತ್ತು’ ಎಂಬ ಮಾತಷ್ಟೇ ಉಳಿಯುತ್ತದೆ. ಅಷ್ಟೇ ದುಡ್ಡಿನಲ್ಲಿ, ಯಾವ ದ್ರಾಕ್ಷಿ ಏನು ಕೊಡುತ್ತದೆ ಎಂಬುದು ನಾಲಿಗೆಗೆ ತಿಳಿಯುವಂತೆ ಬಾಟಲಿಗಳನ್ನು ಆರಿಸಬಹುದು. ಇದಕ್ಕೆ ಜಿಎಸ್‌ಎಂ ಮಿಶ್ರಣ ಹೇಳಿಮಾಡಿಸಿದಂತಿದೆ. ಗ್ರೆನಾಶ್, ಶಿರಾಜ್, ಮೂರ್ವೆದ್ರ್ ಎಂಬ ಮೂರು ದ್ರಾಕ್ಷಿಗಳ ಮೊದಲಕ್ಷರಗಳಿಂದ ಆಸ್ಟ್ರೇಲಿಯಾದವರು ರೂಢಿಗೆ ತಂದ ಹೆಸರಿದು. ಮಿಶ್ರಣದ ಮೂಲ ಮಾತ್ರ ದಕ್ಷಿಣ ಫ್ರಾನ್ಸಿನ ರೋನ್ ಕಣಿವೆಯದು.

ಮೂರರ ಗುಣ

ಗ್ರೆನಾಶ್‌ನ ಸಿಪ್ಪೆ ತೆಳು. ಬಿಸಿಲು ತಾಳುತ್ತದೆ, ತಡವಾಗಿ ಹಣ್ಣಾಗುತ್ತದೆ, ಸಕ್ಕರೆಯನ್ನು ಧಾರಾಳವಾಗಿ ತುಂಬಿಕೊಳ್ಳುತ್ತದೆ. ಆ ಸಕ್ಕರೆ ಹುದುಗಿದಾಗ ಆಲ್ಕೋಹಾಲು ಸುಲಭವಾಗಿ 14–15% ಮುಟ್ಟುತ್ತದೆ. ಬಣ್ಣ ತಿಳಿ, ಒಗರು ಕಡಿಮೆ, ಸ್ಟ್ರಾಬೆರಿಯಂಥ ಕೆಂಪು ಹಣ್ಣಿನ ಪರಿಮಳ. ಗಾಳಿ ತಾಗಿದರೆ ಬೇಗ ಮಂಕಾಗುವುದು ಇದರ ದೌರ್ಬಲ್ಯ.

ಶಿರಾಜ್ ಮತ್ತು ಸಿರಾ ಒಂದೇ ದ್ರಾಕ್ಷಿ. ದ್ಯುರೇಜಾ ಮತ್ತು ಮೊಂಡ್ಯೂಸ್ ಬ್ಲಾಂಶ್ ಎಂಬ ಎರಡು ಫ್ರೆಂಚ್ ತಳಿಗಳ ಸಂತಾನ ಇದು ಎಂದು 1998ರ ಡಿಎನ್‌ಎ ಪರೀಕ್ಷೆ ತೋರಿಸಿತು. ದಟ್ಟ ಬಣ್ಣ, ನೇರಳೆ ಹಣ್ಣಿನಂಥ ಕಪ್ಪು ಹಣ್ಣಿನ ರುಚಿ, ಕಾಳುಮೆಣಸಿನ ಘಮ ಇವು ಇದರ ಕೊಡುಗೆ.

ಮೂರ್ವೆದ್ರ್‌ನದು ದಪ್ಪ ಸಿಪ್ಪೆ. ಮೂರರಲ್ಲೂ ಕೊನೆಗೆ ಹಣ್ಣಾಗುವುದು ಇದೇ. ಬಾಯಿ ಹಿಡಿಯುವ ಒಗರು, ಒದ್ದೆ ಮಣ್ಣು, ತೊಗಲು, ಬೇಟೆಯ ಮಾಂಸದ ವಾಸನೆ. ಗ್ರೆನಾಶ್‌ನಂತೆ ಇದು ಗಾಳಿಗೆ ಬೇಗ ಸೋಲುವುದಿಲ್ಲ. ಹಾಗಾಗಿ ಸ್ವಲ್ಪವೇ ಬೆರೆಸಿದರೂ ಮಿಶ್ರಣಕ್ಕೆ ಬೆನ್ನೆಲುಬು, ಆಯುಷ್ಯ ಎರಡೂ ಸಿಗುತ್ತವೆ.

ಲೇಬಲ್ ಓದುವುದು

ಆಸ್ಟ್ರೇಲಿಯಾದ ಬಾಟಲಿಯಲ್ಲಿ ಕೆಲಸ ಸುಲಭ. ಅಲ್ಲಿನ ನಿಯಮದಂತೆ ಹೆಚ್ಚು ಪ್ರಮಾಣದ ದ್ರಾಕ್ಷಿಯ ಹೆಸರು ಮೊದಲು ಬರಬೇಕು. ‘ಗ್ರೆನಾಶ್ ಶಿರಾಜ್ ಮೂರ್ವೆದ್ರ್’ ಎಂದಿದ್ದರೆ ಗ್ರೆನಾಶ್ ಮುಂದಾಳು. ‘ಶಿರಾಜ್ ಗ್ರೆನಾಶ್’ ಎಂದಿದ್ದರೆ ಶಿರಾಜ್. ಮೂರ್ವೆದ್ರ್‌ಗೆ ಅಲ್ಲಿ ಮಟಾರೊ ಎಂಬ ಹೆಸರೂ ಇದೆ. ಬರೋಸಾ ಮತ್ತು ಮೆಕ್‌ಲಾರೆನ್ ವೇಲ್ ಈ ಮಿಶ್ರಣಕ್ಕೆ ಹೆಸರಾದ ಪ್ರದೇಶಗಳು. ಬರೋಸಾದಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಇಂದಿಗೂ ಹಣ್ಣು ಕೊಡುತ್ತಿವೆ.

ಫ್ರಾನ್ಸಿನ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಊರಿನ ಹೆಸರಷ್ಟೇ ಇರುತ್ತದೆ. ಆದ್ದರಿಂದ ಮೂರು ಸುಳಿವು ನೆನಪಿಡಿ. ಕೋತ್ ದು ರೋನ್, ಜಿಗೋಂಡಾಸ್, ಶಾತೊನೆಫ್ ದು ಪಾಪ್ ಎಂದಿದ್ದರೆ ಬಹುಮಟ್ಟಿಗೆ ಗ್ರೆನಾಶ್ ಮುಂದಾಳು. ಕ್ರೋಜ್ ಎರ್ಮಿತಾಜ್, ಸೇಂ ಜೋಸೆಫ್ ಎಂದಿದ್ದರೆ ಅಲ್ಲಿನ ಕೆಂಪು ದ್ರಾಕ್ಷಿ ಸಿರಾ ಒಂದೇ. ಬಾಂದೋಲ್ ಎಂದಿದ್ದರೆ ಕೆಂಪು ವೈನಿನಲ್ಲಿ ಕನಿಷ್ಠ ಅರ್ಧ ಮೂರ್ವೆದ್ರ್ ಇರಲೇಬೇಕು. ಸ್ಪೇನಿನ ಬಾಟಲಿಯ ಮೇಲೆ ಗಾರ್ನಾಚಾ ಕಂಡರೆ ಅದು ಗ್ರೆನಾಶ್. ಮೊನಾಸ್ತ್ರೆಲ್ ಕಂಡರೆ ಮೂರ್ವೆದ್ರ್. ಬಾಂದೋಲ್ ದುಬಾರಿ ಎನಿಸಿದವರಿಗೆ ಹುಮಿಯಾ ಪ್ರಾಂತ್ಯದ ಮೊನಾಸ್ತ್ರೆಲ್ ಒಳ್ಳೆಯ ಬದಲಿ.

ನಮ್ಮ ದೇಶದ ಕೆಂಪು ವೈನಿನಲ್ಲಿ ಈ ಮೂರರ ಪೈಕಿ ಶಿರಾಜ್ ಮಾತ್ರ ಸುಲಭವಾಗಿ ಸಿಗುತ್ತದೆ. ನಂದಿ ಬೆಟ್ಟದ ತಪ್ಪಲು ಮತ್ತು ನಾಸಿಕ್ ಎರಡೂ ಕಡೆ ಅದನ್ನು ಬೆಳೆಯುತ್ತಾರೆ. ನಂದಿಯ ಗ್ರೋವರ್ ಜಂಪಾದವರ ಲಾ ರಿಸರ್ವ್, ಶಿರಾಜ್ ಜತೆ ಕ್ಯಾಬರ್ನೆ ಸೊವಿನ್ಯೋನ್ ಬೆರೆಸಿದ ವೈನ್. ಅದು ಜಿಎಸ್‌ಎಂ ಅಲ್ಲದಿದ್ದರೂ ಪಕ್ಕದಲ್ಲಿಟ್ಟು ಹೋಲಿಸಲು ಯೋಗ್ಯ. ಸುಲಾದವರ ಸೋರ್ಸ್ ಗ್ರೆನಾಶ್ ಗುಲಾಬಿ ಬಣ್ಣದ ರೋಸೆ. ಕೆಂಪು ಗ್ರೆನಾಶ್ ಎಂದು ತಿಳಿದು ಕೊಳ್ಳಬೇಡಿ.

ನಾಲ್ಕು ಬಾಟಲಿಯ ಲೆಕ್ಕ

ಮೊದಲನೆಯದು ಗ್ರೆನಾಶ್ ಮುಂದಾಳಾದ ಕೋತ್ ದು ರೋನ್ ಅಥವಾ ಸ್ಪೇನಿನ ಗಾರ್ನಾಚಾ. ಎರಡನೆಯದು ಒಂಟಿ ಶಿರಾಜ್. ನಂದಿಯದೋ ನಾಸಿಕ್‌ನದೋ ಆಗಬಹುದು. ಮೂರನೆಯದು ಮೊನಾಸ್ತ್ರೆಲ್ ಅಥವಾ ಬಾಂದೋಲ್. ನಾಲ್ಕನೆಯದು ಮೂರೂ ಬೆರೆತ ಆಸ್ಟ್ರೇಲಿಯಾದ ಜಿಎಸ್‌ಎಂ. ಬಡಿಸುವಾಗಲೂ ಇದೇ ಕ್ರಮ ಇರಲಿ: ತಿಳಿಯಾದದ್ದು ಮೊದಲು, ಒಗರಿನದು ನಂತರ, ಮಿಶ್ರಣ ಕೊನೆಗೆ. ಮೂರನ್ನೂ ಬಿಡಿಬಿಡಿಯಾಗಿ ಕಂಡ ನಾಲಿಗೆಗೆ ಮಿಶ್ರಣದಲ್ಲಿ ಅವು ಎಲ್ಲಿ ಅಡಗಿವೆ ಎಂದು ಹುಡುಕಲು ಆಗ ಬರುತ್ತದೆ.

750 ಮಿಲಿಯ ಬಾಟಲಿಯಿಂದ 50 ಮಿಲಿಯಂತೆ 15 ಗ್ಲಾಸು ಸುರಿಯಬಹುದು. ಹತ್ತು ಮಂದಿಗೆ ಹಂಚಿ, ಮರಳಿ ರುಚಿ ನೋಡಲು ಒಂದಿಷ್ಟು ಉಳಿಯುತ್ತದೆ. ಉಗುಳಲು ಪಾತ್ರೆಯಿಡಿ, ಅದರಲ್ಲಿ ಸಂಕೋಚ ಬೇಡ. ಅಂದು ಅಗರಬತ್ತಿ, ಮಲ್ಲಿಗೆ, ಸೆಂಟು ಆ ಕೋಣೆಯಲ್ಲಿ ಬೇಡ. ಒಗ್ಗರಣೆಯ ಕೆಲಸವನ್ನೂ ಮೊದಲೇ ಮುಗಿಸಿ.

ಅಂಗಡಿಯಲ್ಲಿ ಬಾಟಲಿಯನ್ನು ಕೈಗೆತ್ತಿಕೊಂಡು ನೋಡಿ. ಬಿರಡೆ ಮೇಲೆದ್ದಿದ್ದರೆ, ಕತ್ತಿನ ಸುತ್ತ ಅಂಟಂಟಾಗಿದ್ದರೆ ಅದು ಸೆಕೆಗೆ ಬೆಂದ ಬಾಟಲಿ, ವಾಪಸಿಡಿ. ಅಗ್ಗದ ವೈನ್ ಆದರೆ ಇತ್ತೀಚಿನ ವರ್ಷದ್ದನ್ನೇ ಆರಿಸಿ.

ಮೆಣಸಿನ ಪರೀಕ್ಷೆ

ಶಿರಾಜ್‌ನ ಮೆಣಸಿನ ಘಮ ಬರಿಯ ವರ್ಣನೆಯಲ್ಲ. ರೊಟಂಡೋನ್ ಎಂಬ ವಸ್ತುವಿನಿಂದ ಅದು ಬರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಕಾಳುಮೆಣಸಿನ ಘಮಕ್ಕೂ ಅದೇ ಕಾರಣ. ಕೆಂಪು ವೈನಿನ ಒಂದು ಲೀಟರಿಗೆ ಅದು 16 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ 16 ಭಾಗ, ಇದ್ದರೂ ಮೂಗು ಗುರುತಿಸುತ್ತದೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಆ ವಾಸನೆ ಎಷ್ಟು ಹೆಚ್ಚಿದ್ದರೂ ತಿಳಿಯುವುದಿಲ್ಲ.

ಮೆಣಸಿನ ವ್ಯಾಪಾರಕ್ಕೆ ಹೆಸರಾದ ಮಟ್ಟಾಂಚೇರಿ ಹತ್ತಿರದಲ್ಲೇ ಇರುವಾಗ ಇದನ್ನು ಪರೀಕ್ಷಿಸದೆ ಬಿಡಬಾರದು. ಏಳೆಂಟು ಕಾಳನ್ನು ಕುಟ್ಟಾಣಿಯಲ್ಲಿ ಒರಟಾಗಿ ಜಜ್ಜಿ ಸಣ್ಣ ಬಟ್ಟಲಿಗೆ ಹಾಕಿ. ಮೂಗಿಗೆ ಏರುವ ಮೊದಲ ಘಾಟು ಇಳಿಯಲಿ. ಅದರಡಿಯಿಂದ ಮರದಂಥ, ಬೆಚ್ಚನೆಯ ಘಮವೊಂದು ಏಳುತ್ತದೆ. ಅದನ್ನು ಹಿಡಿದುಕೊಂಡೇ ಶಿರಾಜ್‌ನ ಗ್ಲಾಸನ್ನು ಒಮ್ಮೆ ತಿರುಗಿಸಿ ಮೂಗಿಗೆ ಹಿಡಿಯಿರಿ. ಬಿಸಿಲುನಾಡಿನ ಶಿರಾಜ್‌ನಲ್ಲಿ ಈ ಘಮ ತೆಳುವಾಗಿರುತ್ತದೆ, ತಂಪು ಪ್ರದೇಶದ್ದರಲ್ಲಿ ಎದ್ದು ಕಾಣುತ್ತದೆ. ಮೆಣಸೇ ಮುಖ್ಯವೆನ್ನುವವರು ಎರಡನೆಯ ಬಾಟಲಿಗೆ ಕ್ರೋಜ್ ಎರ್ಮಿತಾಜ್ ಕೊಳ್ಳಬೇಕು. ಪಕ್ಕದವರಿಗೆ ಏನೂ ತಿಳಿಯಲಿಲ್ಲವೆಂದರೆ ಅವರ ಗಮನ ಸಾಲದೆಂದು ತಿಳಿಯಬೇಡಿ. ಅದು ಮೂಗಿನ ಹುಟ್ಟುಗುಣ.

ಕೊಚ್ಚಿಯ ಸೆಕೆ, ಕೊಚ್ಚಿಯ ಊಟ

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ಚಳಿ ಮನೆಗಳದು. ಇಲ್ಲಿ ಕೋಣೆಯೇ 30 ಡಿಗ್ರಿ ಇರುತ್ತದೆ. 14.5% ಆಲ್ಕೋಹಾಲಿನ ವೈನ್ ಆ ಬಿಸಿಗೆ ಮೂಗು ಸುಡುತ್ತದೆ, ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ. 16–17 ಡಿಗ್ರಿಗೆ ಇಳಿಸಿ. ಫ್ರಿಜ್ಜಿನಲ್ಲಾದರೆ ಸುಮಾರು ಒಂದು ಗಂಟೆ, ನೀರು ಬೆರೆಸಿದ ಐಸಿನಲ್ಲಾದರೆ ಕಾಲು ಗಂಟೆ ಸಾಕು. ಬಾಂದೋಲ್, ಮೊನಾಸ್ತ್ರೆಲ್‌ಗಳನ್ನು ಅರ್ಧ ಗಂಟೆ ಮೊದಲೇ ಜಗ್ಗಿಗೆ ಸುರಿದು ಗಾಳಿಯಾಡಲು ಬಿಡಿ.

ರುಚಿ ನೋಡುವಾಗ ಬರಿಯ ಬ್ರೆಡ್ಡು, ನೀರು. ಊಟ ಆಮೇಲೆ. ಮೀನಿನ ಸಾರಿಗೆ ಇವು ಒಗ್ಗುವುದಿಲ್ಲ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನ ಜತೆ ಸೇರಿ ಬಾಯಲ್ಲಿ ನೀಚು ಹೆಚ್ಚಿಸುತ್ತದೆ. ಬಾತುಕೋಳಿ ರೋಸ್ಟ್, ಕೊಬ್ಬರಿ ಚೂರು ಹಾಕಿ ಹುರಿದ ಬೀಫ್ ಉಲರ್ತಿಯದು ಮೂರ್ವೆದ್ರ್‌ನ ಒಗರನ್ನು ಪಳಗಿಸುತ್ತವೆ. ಸಸ್ಯಾಹಾರಿಗಳಿಗೆ ಮೆಣಸು ಹಾಕಿದ ಅಣಬೆ, ಕೂರ್ಕ ಗೆಡ್ಡೆಯ ಪಲ್ಯ. ಒಣಮೆಣಸಿನ ಖಾರ ಆಲ್ಕೋಹಾಲಿನ ಉರಿಯನ್ನು ಎತ್ತಿಹಿಡಿಯುವುದರಿಂದ ಖಾರವನ್ನು ಕಾಳುಮೆಣಸಿಗೇ ಬಿಡಿ. ಕ್ರಿಸ್‌ಮಸ್ಸಿಗೆ ಮನೆಯಲ್ಲಿ ಮಾಡುವ ಸಿಹಿ ದ್ರಾಕ್ಷಾರಸ ಕುಡಿದು ಬೆಳೆದ ಅತಿಥಿಗಳಿದ್ದರೆ, ಇವು ಸಿಹಿ ವೈನ್ ಅಲ್ಲವೆಂದು ಮೊದಲೇ ಹೇಳಿ.

ಕಾನೂನು, ಸುಂಕ

ಕೇರಳದಲ್ಲಿ ಮದ್ಯ ಸೇವನೆಗೆ 23 ವರ್ಷ ತುಂಬಿರಬೇಕು. ಬಾಟಲಿಗಳನ್ನು ಸರ್ಕಾರಿ ಬೆವ್ಕೊ ಮುಂತಾದ ಪರವಾನಗಿ ಪಡೆದ ಮಳಿಗೆಯಲ್ಲೇ ಕೊಳ್ಳಿ. ತಿಂಗಳ ಮೊದಲ ತಾರೀಕು ಮಳಿಗೆ ಮುಚ್ಚಿರುತ್ತದೆ. ‘ಅಗ್ಗ’ವೆಂದು ಬೆಂಗಳೂರಿನಿಂದ ಹೊತ್ತು ತರುವುದು ಅಪರಾಧವಾದೀತು. ವಿದೇಶದಿಂದ ಬರುವ ಬಂಧುಗಳು ತಲಾ 2 ಲೀಟರ್, ಅಂದರೆ ಎರಡು ಬಾಟಲಿ, ಸುಂಕವಿಲ್ಲದೆ ತರಬಹುದು. ಆಮದು ವೈನ್ ದುಬಾರಿಯಾಗಲು 150% ಸುಂಕದ ಇತಿಹಾಸವಿದೆ. ಆಸ್ಟ್ರೇಲಿಯಾ ಜತೆಗಿನ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಮೇಲೆ, 5 ಡಾಲರಿಗಿಂತ ಹೆಚ್ಚು ಬೆಲೆಯ ಬಾಟಲಿಗಳ ಮೇಲಿನ ಸುಂಕ ಹಂತಹಂತವಾಗಿ ಇಳಿಯುತ್ತಿದೆ.

ವಾಹನ ಚಾಲಕರ 100 ಮಿಲಿ ರಕ್ತದಲ್ಲಿ ಆಲ್ಕೋಹಾಲು 30 ಮಿಲಿಗ್ರಾಂ ಮೀರಬಾರದು. 2024ರ ಮಾರ್ಚಿನಿಂದ ಕೊಚ್ಚಿ ಮೆಟ್ರೊ ತ್ರಿಪ್ಪುಣಿತ್ತುರದವರೆಗೂ ಬರುತ್ತಿದೆ. ಅತಿಥಿಗಳು ಅದರಲ್ಲೇ ಬಂದು ಹೋಗಲಿ.

ಕೊನೆಯ ಪ್ರಯೋಗ

ನಾಲ್ಕೂ ಮುಗಿದ ಮೇಲೆ ಉಳಿದ ವೈನಿನಿಂದ ನೀವೇ ಮಿಶ್ರಣ ಮಾಡಿ. ಔಷಧಿಯ ಅಳತೆ ಲೋಟದಲ್ಲಿ ಗ್ರೆನಾಶ್ 25 ಮಿಲಿ, ಶಿರಾಜ್ 15, ಮೂರ್ವೆದ್ರ್ 10 ಬೆರೆಸಿ ಕುಡಿದು ನೋಡಿ. ಆಮೇಲೆ ಮೂರ್ವೆದ್ರ್ 5ಕ್ಕೆ ಇಳಿಸಿ ಗ್ರೆನಾಶ್ 30ಕ್ಕೆ ಏರಿಸಿ. 5 ಮಿಲಿಯ ವ್ಯತ್ಯಾಸಕ್ಕೇ ಒಗರು ಸಡಿಲಿ ಹಣ್ಣು ಮುಂದೆ ಬರುವುದು ತಿಳಿಯುತ್ತದೆ. ಯಾರಿಗೆ ಯಾವ ಅಳತೆ ಹಿಡಿಸಿತೆಂದು ಬರೆದುಕೊಳ್ಳಿ. ಯಾವ ದ್ರಾಕ್ಷಿ ಮುಂದಿದ್ದರೆ ನಿಮಗೆ ಇಷ್ಟ ಎಂಬುದು ಒಮ್ಮೆ ಗೊತ್ತಾದರೆ, ಅಂಗಡಿಯಲ್ಲಿ ಬ್ರಾಂಡಿನ ಹೆಸರಿಗೆ, ಬೆಲೆಗೆ ಮರುಳಾಗದೆ ಲೇಬಲ್ ಓದಿಯೇ ಬಾಟಲಿ ಆರಿಸಬಹುದು.